ಮರಿಗಳನ್ನು ಒದ್ದು ಏಳುತ್ತಿದ್ದ ಕೆಂಚಿ

ಮರಿಗಳು ಮೊಲೆಗೆ ಬಾಯಿ ಹಾಕಿದ್ದೇ ತಡ, ನಮ್ಮ ಬೆಕ್ಕು ಕೆಂಚಿ ಹಿಂಗಾಲಿನಿಂದ ಒದ್ದು ಎದ್ದುಬಿಡುತ್ತಿದ್ದಳು. ಒಮ್ಮೆಯಂತೂ ಗುರುಗುಟ್ಟಿ ಒಂದು ಮರಿಯ ಕತ್ತನ್ನೇ ಹಿಡಿದು ಬಿಟ್ಟಳು. "ಮರಿ ಬ್ಯಾಡಾಗ್ಯಾವ ನೋಡವ್ವ ಅದಕ್ಕ. ಚೊಚ್ಚಲ ಬಾಣಂತಿ, ಅದಕ್ಕೇನ್ ಗೊತ್ತಾಗ್ತದ" ಎಂದು ಅತ್ತೆ ತೀರ್ಪು ಕೊಟ್ಟರು.

ಕಲಬುರಗಿಯ ಏಪ್ರಿಲ್ ಅದು. ಬಿಸಿಲು 42 ಡಿಗ್ರಿ. ಮರಿ ಹಾಕಿದ ತೊಗರಿ ಚೀಲದ ಕೋಣೆ ಬಿಟ್ಟು ಕೆಂಚಿ ಪಡಸಾಲೆಯ ಶಹಾಬಾದ್ ಕಲ್ಲಿಗೆ ಹೊಟ್ಟೆ ಒತ್ತಿ ಮಲಗಿರುತ್ತಿದ್ದಳು. ಸಂಜೆ ಮಡಿಲಲ್ಲಿ ಅಂಗಾತ ಮಾಡಿ ನೋಡಿದೆ. ಬೆಕ್ಕಿಗೆ ಸಾಮಾನ್ಯವಾಗಿ ಎಂಟು ಮೊಲೆ. ಹಿಂದಿನ ಎರಡರ ತೊಟ್ಟು ಕೆಂಪಗೆ ಊದಿತ್ತು, ಸುತ್ತ ಸೂಜಿಯಲ್ಲಿ ಎಳೆದಂಥ ಗೀರುಗಳು. ಹಾಲು ಇಳಿಯಲೆಂದು ಮರಿಗಳು ಮುಂಗಾಲಿನಿಂದ ನಾದುತ್ತವೆ. ಮೂರು ವಾರದ ಮರಿಗೆ ಉಗುರು ಒಳಗೆಳೆದುಕೊಳ್ಳಲು ಇನ್ನೂ ಸರಿಯಾಗಿ ಬರುವುದಿಲ್ಲ. ಹಾಲುಹಲ್ಲು ಮೂಡುವ ಹೊತ್ತೂ ಅದೇ.

ಮದ್ದು ಹೇಳುವವರಿಗೆ ನಮ್ಮ ಓಣಿಯಲ್ಲಿ ಬರವಿಲ್ಲ. ಅತ್ತೆ ಅರಿಶಿಣ ಎಣ್ಣೆ ಅಂದರು, ಮನೆಯವರು ಕಾಲು ಪ್ಯಾರಾಸಿಟಮಾಲ್ ಅಂದರು. ನಾನು ಬುಟ್ಟಿಯಲ್ಲಿ ಕೆಂಚಿಯನ್ನು ಕೂರಿಸಿಕೊಂಡು ಆಟೋ ಹತ್ತಿದೆ. ಗುಳಿಗೆಯ ಹೆಸರು ಕೇಳಿದ್ದೇ ಪಶುವೈದ್ಯರು ಕೈಯೆತ್ತಿದರು. "ಅದೊಂದ್ ಮಾತ್ರ ಕೊಡಬ್ಯಾಡ್ರಿ ತಾಯಿ, ಸಾಯ್ತದ." ಆ ಔಷಧವನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಮೈಗಿಲ್ಲ, ರಕ್ತ ಕೆಟ್ಟು ಆಮ್ಲಜನಕ ಹೊರುವುದೇ ನಿಲ್ಲುತ್ತದಂತೆ. ಮುಲಾಮಿಗೂ ಇದೇ ಲೆಕ್ಕ. ತೊಟ್ಟಿಗೆ ಏನು ಹಚ್ಚಿದರೂ ತಾಯಿ ನೆಕ್ಕುತ್ತಾಳೆ, ಮರಿ ಚೀಪುತ್ತದೆ.

ಜ್ವರ ನೋಡಿ 102 ಅಂದಾಗ ನನ್ನೆದೆ ಧಸಕ್ಕೆಂದಿತು. ಬೆಕ್ಕಿಗೆ 102.5ರ ತನಕ ಸಹಜವಂತೆ. ತೊಟ್ಟು ಹಿಂಡಿ ಒಂದು ಹನಿ ತೆಗೆದು ಬೆಳಕಿಗೆ ಹಿಡಿದರು. ಬೆಳ್ಳಗಿತ್ತು. ಕೀವು, ರಕ್ತ ಬೆರೆತಿದ್ದರೆ, ಮೊಲೆ ಗಟ್ಟಿಯಾಗಿ ಸುಡುತ್ತಿದ್ದರೆ, ತಾಯಿ ಅನ್ನ ಬಿಟ್ಟಿದ್ದರೆ ಅದು ಕೆಚ್ಚಲುಬಾವು. ತಡಮಾಡದೆ ಔಷಧಿ ಶುರುಮಾಡಬೇಕು. ಇಲ್ಲಿ ಬರೀ ಗಾಯ. ಹಾಗಾಗಿ ಕುಡಿಸುವುದನ್ನು ನಿಲ್ಲಿಸಬೇಡಿ, ಹಾಲು ಕಟ್ಟಿಕೊಂಡರೆ ಇನ್ನೂ ನೋವು ಎಂದರು. ಒದ್ದೆ ಬಟ್ಟೆಯ ಬೆಚ್ಚನೆ ಕಾವು, ಮೆತ್ತನೆ ಹಾಸಿಗೆ, ಮರಿಗಳ ಉಗುರಿಗೆ ಕತ್ತರಿ. ಇಷ್ಟೇ ಚಿಕಿತ್ಸೆ. ಚೀಟಿಯಲ್ಲಿ ಔಷಧಿಯೇ ಇಲ್ಲವೆಂದು ಮನೆಯವರಿಗೆ ವೈದ್ಯರ ಮೇಲೇ ಅನುಮಾನ.

ಉಗುರು ಕತ್ತರಿಸುವುದೇ ದೊಡ್ಡ ಕೆಲಸವಾಯಿತು. ಪಕ್ಕದ ಮನೆ ಖಾಲಾ ಮರಿಯ ಪಾದ ಮೆಲ್ಲಗೆ ಒತ್ತಿ ಹಿಡಿದರು, ನಾನು ಕೂಸುಗಳ ನೇಲ್‌ಕಟರ್‌ನಿಂದ ಕೊಕ್ಕೆಯಂಥ ಬಿಳಿ ತುದಿಯನ್ನಷ್ಟೇ ತೆಗೆದೆ. ಒಳಗಿನ ಗುಲಾಬಿ ಬಣ್ಣಕ್ಕೆ ತಾಗಿದರೆ ರಕ್ತ. ಗೋಣಿತಟ್ಟು ಎಸೆದು ಹಳೆ ಕೌದಿ ಹಾಸಿದೆ. ಕಾವು ಕೊಟ್ಟು ಮೈ ಒರೆಸಿ, ತಲೆ ಸವರುತ್ತ ಕೂತರೆ ಕೆಂಚಿ ಮಲಗುತ್ತಿದ್ದಳು. ನಾನೆದ್ದರೆ ಅವಳೂ ಎದ್ದಳೆಂದೇ ಅರ್ಥ. ಆ ದಿನಗಳಲ್ಲಿ ಒಲೆಯ ಮೇಲಿನ ಬ್ಯಾಳಿ ಎಷ್ಟು ಸಲ ಉಕ್ಕಿತೋ!

ಹಾಲೂಡುವ ಬೆಕ್ಕಿಗೆ ಎರಡು ಮೂರು ಪಟ್ಟು ಊಟ ಬೇಕು. ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಖಾಲಾ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಉಪ್ಪು ಏನೂ ಹಾಕದೆ ಕೋಳಿ ಬೇಯಿಸಿ ಕಳಿಸುತ್ತಿದ್ದರು (ಆ ಎರಡು ಗಡ್ಡೆಗಳೂ ಬೆಕ್ಕಿಗೆ ವಿಷ). ತಟ್ಟೆ ಹೊಸ್ತಿಲ ಹೊರಗೇ ಇರಬೇಕೆಂಬುದು ಅತ್ತೆಯ ಷರತ್ತು. ಶೇಂಗಾ ಹಿಂಡಿ ತೂಗುವ ನನ್ನ ತಕ್ಕಡಿಯಲ್ಲಿ ಮರಿ ಕೂರಿಸಿದಾಗ ಮಾತ್ರ ಷರತ್ತಿನಿಂದ ಮುಗಿಯಲಿಲ್ಲ, ಬೈಗುಳವೇ ಬಿತ್ತು. ಆದರೂ ತೂಕ ನೋಡಲೇಬೇಕಿತ್ತು: ದಿನಕ್ಕೆ ಹತ್ತು ಗ್ರಾಂ ಆಸುಪಾಸು ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ. ಏರುತ್ತಿತ್ತು.

ಊತ ಇಳಿದು ಹಕ್ಕಳೆ ಉದುರಿದ ಮೇಲೆ ಮರಿಗಳು ಅದೇ ಹಿಂದಿನ ಮೊಲೆಗೆ ಜಗಳ ಶುರುಮಾಡಿದವು. ಕೆಂಚಿ ಈಗ ಏಳುವುದಿಲ್ಲ. ಹಾಲೂಡುತ್ತಿರುವಾಗಲೇ ಬೆಕ್ಕು ಮತ್ತೆ ಗಬ್ಬವಾಗಬಹುದು, ಹಾಲು ಬಿಡಿಸಿದ ಕೂಡಲೇ ಆಪರೇಷನ್ ಮಾಡಿಸಿ ಎಂದಿದ್ದಾರೆ ವೈದ್ಯರು. ಅತ್ತೆ ಒಪ್ಪುತ್ತಿಲ್ಲ. "ಒಂದೇ ಬಾಣಂತನಕ್ಕ ಸಾಕ್ ಮಾಡ್ತಿ ಏನ್?" ಎನ್ನುತ್ತಾರೆ. ಹೌದ್ರೀ ಅತ್ತಿ, ನನಗಂತೂ ಸಾಕಾಗ್ಯಾದ ಎಂದಿದ್ದೇನೆ.