ಸವಾರನನ್ನು ಕಂಡವರು ಸೆಂಟಾರ್ ಕಲ್ಪಿಸಿಕೊಂಡರಾ?

ಗ್ರೀಕ್ ಪುರಾಣದ ಅರ್ಧ ಮನುಷ್ಯ, ಅರ್ಧ ಕುದುರೆಯಾದ ಸೆಂಟಾರ್ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: "ಕುದುರೆ ಸವಾರರನ್ನು ಮೊದಲ ಸಲ ನೋಡಿದ ಜನ, ಎರಡೂ ಸೇರಿ ಒಂದೇ ಪ್ರಾಣಿ ಅಂದುಕೊಂಡರು, ಅಲ್ವಾ?"

ಈ ವಿವರಣೆ ತುಂಬಾ ಹಳೆಯದು. ಪಾಲೈಫಾಟಸ್ ಎಂಬ ಗ್ರೀಕ್ ಬರಹಗಾರ ಹೆಚ್ಚುಕಡಿಮೆ ಇದನ್ನೇ ಹೇಳಿದ್ದ. ಗ್ರೀಸ್‌ನ ಥೆಸಲಿ ಪ್ರಾಂತ್ಯದ ಯುವಕರು ಕುದುರೆ ಏರಿ ಹೋರಿಗಳನ್ನು ಬೇಟೆಯಾಡಿದರು, ದೂರದಿಂದ ನೋಡಿದವರಿಗೆ ಅದು ಹಾಗೆ ಕಂಡಿತು ಎಂಬುದು ಅವನ ವಾದ.

ನಾನು ಇದನ್ನು ಒಪ್ಪುವುದಿಲ್ಲ. ಹಳೆಯ ಸೆಂಟಾರ್‌ಗಳ ಮುಂಗಾಲು ನೋಡಿ, ಗೊತ್ತಾಗುತ್ತದೆ.

ಯುಬೋಯಾ ದ್ವೀಪದ ಲೆಫ್ಕಾಂಡಿಯಲ್ಲಿ ಸುಟ್ಟ ಮಣ್ಣಿನ ಒಂದು ಸೆಂಟಾರ್ ಸಿಕ್ಕಿದೆ. ಎತ್ತರ ಸುಮಾರು 36 ಸೆಂ.ಮೀ., ಕಾಲ ಸುಮಾರು ಕ್ರಿ.ಪೂ. 900. ತಲೆ ಒಂದು ಗೋರಿಯಲ್ಲಿತ್ತು, ಮೈ ಇನ್ನೊಂದರಲ್ಲಿ. ಯಾಕೆ ಹಾಗೆ ಮುರಿದು ಹೂತರೋ! ಅದರ ಮುಂಗಾಲಿಗೆ ಮನುಷ್ಯರ ಮಂಡಿಚಿಪ್ಪು ಇದೆ. ಎಡ ಮಂಡಿಯ ಮೇಲೆ ಬೇಕೆಂದೇ ಕೊರೆದ ಗಾಯದ ಗುರುತೂ ಇದೆ. ಪುರಾಣದ ವೀರ ಹೆರಾಕ್ಲಿಸನ ಬಾಣ ಮಂಡಿಗೆ ತಗುಲಿದ ಖೈರಾನ್ ಎಂಬ ಸೆಂಟಾರ್ ಇವನೇ ಇರಬಹುದು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ.

ಮುಂದಿನ ಕೆಲವು ಶತಮಾನಗಳ ಎಷ್ಟೋ ಚಿತ್ರಗಳಲ್ಲೂ ಹೀಗೇ. ತಲೆಯಿಂದ ಪಾದದವರೆಗೆ ಪೂರ್ತಿ ಮನುಷ್ಯ, ಅವನ ಬೆನ್ನಿಗೆ ಕುದುರೆಯ ಹಿಂಭಾಗ. ಸವಾರನನ್ನು ನೋಡಿ ಬಿಡಿಸಿದ್ದರೆ ಮುಂದೆ ಗೊರಸು ಇರಬೇಕಿತ್ತು. ಅದೂ ಅಲ್ಲದೆ, ಗ್ರೀಕರಿಗೆ ಕುದುರೆ ಹೊಸದೇನಲ್ಲ. ಲೆಫ್ಕಾಂಡಿ ಬೊಂಬೆಗಿಂತ ಎಷ್ಟೋ ಮೊದಲು, ಕಂಚಿನ ಯುಗದ ಮೈಸೀನಿಯ ಕಾಲದಲ್ಲೇ ಅವರು ರಥ ಓಡಿಸುತ್ತಿದ್ದರು.

ನನಗೆ ಜಾಸ್ತಿ ಇಷ್ಟವಾಗುವುದು ಖೈರಾನ್‌ನ ಚಿತ್ರಗಳು. ಬೇರೆ ಸೆಂಟಾರ್‌ಗಳು ಇಕ್ಸಿಯಾನ್ ಎಂಬ ರಾಜ ಮತ್ತು ಹೆಣ್ಣಿನ ರೂಪ ತಳೆದ ಮೋಡದ ವಂಶದವರು. ಇವನು ಕ್ರೋನಸ್ ದೇವರು ಮತ್ತು ಫಿಲಿರಾ ಎಂಬ ಅಪ್ಸರೆಯ ಮಗ, ವೀರ ಅಕಿಲೀಸ್ ಮತ್ತು ವೈದ್ಯ ಆಸ್ಕ್ಲೀಪಿಯಸ್‌ರ ಗುರು. ಉಳಿದವರ ಮುಂಗಾಲಿಗೆ ಗೊರಸು ಬಂದ ಮೇಲೂ ಹೂಜಿಗಳ ಮೇಲೆ ಚಿತ್ರ ಬರೆಯುವವರು ಇವನಿಗೆ ಮನುಷ್ಯರ ಕಾಲನ್ನೇ ಉಳಿಸಿದರು. ಮೈಗೆ ಬಟ್ಟೆ ತೊಡಿಸಿದರು, ಹೆಗಲ ಮೇಲಿನ ಕೊಂಬೆಗೆ ಬೇಟೆಯ ಮೊಲಗಳನ್ನು ತೂಗುಹಾಕಿದರು. ಅಂದರೆ ಮುಂಗಾಲು ಹೇಗಿರಬೇಕು ಎಂಬುದನ್ನು ಅವರು ಸುಮ್ನೆ ಆರಿಸಿಕೊಳ್ಳುತ್ತಿರಲಿಲ್ಲ. ಆ ಸೆಂಟಾರ್ ಎಷ್ಟು ಸಭ್ಯ ಎಂಬುದನ್ನು ಅದರಲ್ಲೇ ತೋರಿಸುತ್ತಿದ್ದರು.

ನಾಲ್ಕೂ ಕಾಲು ಕುದುರೆಯದ್ದಾದ ರೂಪ ಆಮೇಲೆ ಗಟ್ಟಿಯಾಯಿತು. ಕ್ರಿ.ಪೂ. 440ರ ಸುಮಾರಿಗೆ ಕೆತ್ತಿದ, ಅಥೆನ್ಸ್‌ನ ಪಾರ್ಥೆನಾನ್ ದೇವಾಲಯದ ದಕ್ಷಿಣದ ಫಲಕಗಳಲ್ಲಿ ಅದೇ ಇದೆ. ಥೆಸಲಿಯ ಲ್ಯಾಪಿತ್ ಜನರ ರಾಜ ಪೆರಿಥೂಸ್‌ನ ಮದುವೆಯಲ್ಲಿ ಕುಡಿದ ಸೆಂಟಾರ್‌ಗಳು ವಧುವಿನ ಮೇಲೇ ಕೈಹಾಕಿದಾಗ ಆ ಜನರೊಂದಿಗೆ ನಡೆದ ಕಾಳಗ ಅದು. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಫಲಕದಲ್ಲಿ, ಸತ್ತು ಬಿದ್ದ ಲ್ಯಾಪಿತ್ ಒಬ್ಬನ ಮೇಲೆ ಸೆಂಟಾರ್ ಮುಂಗಾಲೆತ್ತಿ ನಿಂತಿದ್ದಾನೆ. ಪಾಲೈಫಾಟಸ್ ಇದಕ್ಕೂ ಸುಮಾರು ನೂರು ವರ್ಷದ ಈಚಿನವನು ಎನ್ನುತ್ತಾರೆ. ಅವನ ಸುತ್ತಮುತ್ತ ಇದ್ದದ್ದು ಈ ಹೊಸ ರೂಪ, ಅವನ ವಿವರಣೆ ಹೊಂದುವುದೂ ಇದಕ್ಕೇ.