ಗೆದ್ದದ್ದು ಮೂರು ಸಲ, ಕೂತದ್ದು ಎರಡು ಸಲ

ಕಾಸರಗೋಡಿನ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ನನಗೆ ಕೆಲಸ. ವರದಿ ತಿದ್ದುವುದು, ತಲೆಬರಹ ಕೊಡುವುದು, ಪುಟ ಮಾಡಿಸುವುದು. ಚುನಾವಣೆ ಬಂತೆಂದರೆ ಇದರ ಮೇಲೆ 'ಕ್ಷೇತ್ರ ಪರಿಚಯ'ವೂ ಸೇರುತ್ತದೆ. ಇಲ್ಲಿಯವರೆಗೆ ಯಾರು ಗೆದ್ದರು, ಯಾವ ಪಕ್ಷ, ಎಷ್ಟು ಮತದ ಅಂತರ, ಎಲ್ಲಿಂದ ಎಲ್ಲಿಯವರೆಗೆ ಶಾಸಕರಾಗಿದ್ದರು ಎಂಬ ಪಟ್ಟಿ ಅದು. ನೋಡಲಿಕ್ಕೆ ಸುಲಭದ ಕೆಲಸ. ನಾನು ಅತಿ ಹೆಚ್ಚು ತಪ್ಪು ಮಾಡಿದ್ದು ಅದರಲ್ಲೇ.

2019ರ ಅಕ್ಟೋಬರ್. ಮಂಜೇಶ್ವರದಲ್ಲಿ ಉಪಚುನಾವಣೆ. ಕೇರಳದ 140 ಕ್ಷೇತ್ರಗಳಲ್ಲಿ ಒಂದನೇ ನಂಬರ್ ನಮ್ಮ ಮಂಜೇಶ್ವರದ್ದು. ವರ್ಕಾಡಿಯಿಂದ ಕುಂಬಳೆ, ಎಣ್ಮಕಜೆಯವರೆಗೆ ಎಂಟು ಪಂಚಾಯತು. 1957ರಿಂದ ಆಗಿಹೋದ ಶಾಸಕರ ಪಟ್ಟಿ ರಾತ್ರಿಯೊಳಗೆ ಪುಟಕ್ಕೆ ಹೋಗಬೇಕಿತ್ತು. ಹಳೆಯ ಫೈಲಿನಲ್ಲಿ ಒಂದು ಪಟ್ಟಿ ಇತ್ತು. ಆದರೆ ಅಲ್ಲಲ್ಲಿ ಖಾಲಿ. 'ಅವಧಿ' ಕಾಲಂನಲ್ಲಿ ಹೆಚ್ಚಿನದ್ದೆಲ್ಲ ಖಾಲಿ. ನಾನು ಎಕ್ಸೆಲ್‌ನಲ್ಲಿ ಒಂದು ಸೂತ್ರ ಹಾಕಿದೆ: ಒಬ್ಬರ ಅವಧಿ ಅವರು ಗೆದ್ದ ವರ್ಷದಿಂದ ಶುರು, ಮುಂದಿನ ಚುನಾವಣೆಯ ವರ್ಷಕ್ಕೆ ಮುಕ್ತಾಯ. ಮೌಸ್ ಹಿಡಿದು ಕೆಳಗೆ ಎಳೆದೆ. ಕಾಲಂ ತುಂಬಿತು.

1957ರ ಸಾಲಿನಲ್ಲಿ ಎಂ. ಉಮೇಶ್ ರಾವ್ ಅವರ ಹೆಸರಿನ ಎದುರು ಮತಗಳ ಸಂಖ್ಯೆ ಇರಲಿಲ್ಲ. 'ಮಾಹಿತಿ ಲಭ್ಯವಿಲ್ಲ' ಎಂದು ಬರೆದೆ. 1970ರಲ್ಲಿ ಗೆದ್ದ ಸಿಪಿಐಯ ಎಂ. ರಾಮಪ್ಪ ಅವರ ಸಾಲಿನಲ್ಲಿ '1970–77' ಎಂದು ಬಂತು. ಶಾಸಕರಿಗೆ ಏಳು ವರ್ಷವಾ ಎಂದು ಪಕ್ಕದವರು ಕೇಳಿದರು. ಹೌದಲ್ವಾ ಅಂತ 75 ಮಾಡಿದೆ. ಪ್ರೂಫ್ ನೋಡಿದವರು ಹೆಸರು ನೋಡಿದರು, ಪಕ್ಷ ನೋಡಿದರು. ಪುಟ ಹೋಯಿತು.

ಮರುದಿನ ಬೆಳಿಗ್ಗೆ ಫೋನ್. ನಮ್ಮ ಪತ್ರಿಕೆಯನ್ನು ದಿನಾ ಮೊದಲ ಪುಟದಿಂದ ಕೊನೆಯವರೆಗೆ ಓದುವ ನಿವೃತ್ತ ಮಾಷ್ಟ್ರು ಒಬ್ಬರಿದ್ದಾರೆ. ತಪ್ಪು ಕಂಡರೆ ಬೈಯುವುದಿಲ್ಲ, ಪ್ರಶ್ನೆ ಕೇಳುತ್ತಾರೆ.

"ಮಗಳೇ, ಮಹಾಬಲ ಭಂಡಾರಿಯವರು 65ರಿಂದ 67ರ ತನಕ ಎಲ್ಲಿ ಕೂತಿದ್ದರು?"

ಭಂಡಾರಿಯವರು 1960, 1965, 1967ರಲ್ಲಿ ಮಂಜೇಶ್ವರದಿಂದ ಗೆದ್ದವರು. ಪ್ರಶ್ನೆ ನನಗೆ ಅರ್ಥ ಆಗಲಿಲ್ಲ. "ವಿಧಾನಸಭೆಯಲ್ಲಿ, ಮಾಷ್ಟ್ರೇ" ಎಂದೆ.

"ಯಾವ ವಿಧಾನಸಭೆ?"

ನನ್ನಲ್ಲಿ ಉತ್ತರ ಇರಲಿಲ್ಲ. ಅವರೇ ಹೇಳಿದರು. "ಅವರು ಗೆದ್ದದ್ದು ಮೂರು ಸಲ ಹೌದು. ಮೂರು ಸಲ ಕೂತದ್ದು ಅಲ್ಲ."

ಆ ದಿನ ಡ್ಯೂಟಿ ಶುರುವಾಗುವ ಮೊದಲೇ ಹೋಗಿ ಕೇರಳ ವಿಧಾನಸಭೆಯ ದಾಖಲೆ ತೆಗೆದು ಕೂತೆ. 1960ರಲ್ಲಿ ಆರಿಸಿ ಬಂದದ್ದು ಎರಡನೇ ವಿಧಾನಸಭೆ. 1967ರಲ್ಲಿ ಬಂದದ್ದು ಮೂರನೆಯದು. ನಡುವೆ 1965ರಲ್ಲಿ ಚುನಾವಣೆ ಆಗಿದೆ, ಎಣಿಕೆ ಆಗಿದೆ, ಫಲಿತಾಂಶವೂ ಬಂದಿದೆ. ಆದರೆ ಅದಕ್ಕೆ ನಂಬರೇ ಇಲ್ಲ. ಹಿಂದಿನ ವರ್ಷ ಕಮ್ಯುನಿಸ್ಟ್ ಪಕ್ಷ ಒಡೆದಿತ್ತು, ಕಾಂಗ್ರೆಸ್ಸಿನಿಂದ ಕೇರಳ ಕಾಂಗ್ರೆಸ್ ಹೊರಗೆ ಬಂದಿತ್ತು. ಯಾರಿಗೂ ಬಹುಮತ ಸಿಗಲಿಲ್ಲ. ಅತಿ ದೊಡ್ಡ ಪಕ್ಷವಾದ ಸಿಪಿಎಂಗೆ ಸಿಕ್ಕಿದ್ದು 40 ಸ್ಥಾನ. ಅದರಿಂದ ಗೆದ್ದವರಲ್ಲಿ ಅನೇಕರು ಆಗ ಜೈಲಿನಲ್ಲಿದ್ದರು. ಸರಕಾರ ಆಗಲಿಲ್ಲ, ಸಭೆ ಒಂದು ದಿನವೂ ಸೇರಲಿಲ್ಲ. ಎರಡನೇ ವಿಧಾನಸಭೆ 1964ರ ಸೆಪ್ಟೆಂಬರಿನಲ್ಲೇ ವಿಸರ್ಜನೆ ಆಗಿತ್ತು. ಅಲ್ಲಿಂದ 1967ರ ಮಾರ್ಚ್‌ವರೆಗೆ ಇಡೀ ಕೇರಳದಲ್ಲಿ ಸಭೆಯಲ್ಲಿ ಕೂತ ಒಬ್ಬನೇ ಒಬ್ಬ ಶಾಸಕ ಇಲ್ಲ. ನಾನು ಮಾತ್ರ ಭಂಡಾರಿಯವರನ್ನು '1960–65', '1965–67' ಎಂದು ಎಡೆಬಿಡದೆ ಕೂರಿಸಿಬಿಟ್ಟಿದ್ದೆ.

ಬೇರೆ ಕ್ಷೇತ್ರವಾಗಿದ್ದರೆ ಇದು ಸುಮ್ನೆ ಒಂದು ಇಸವಿಯ ತಪ್ಪು ಅಂತ ಬಿಡಬಹುದಿತ್ತೇನೋ. ಇಲ್ಲಿ ಹಾಗಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಕಾಸರಗೋಡು ತಾಲೂಕನ್ನು ತೆಗೆದು ಕೇರಳಕ್ಕೆ ಸೇರಿಸಿದರು. ಭಂಡಾರಿಯವರು ಕರ್ನಾಟಕ ಸಮಿತಿಯವರು. ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ ಎಂಬ ಬೇಡಿಕೆಯೇ ಅವರ ರಾಜಕೀಯ. ಅವರಿಗೆ ಹಾಕಿದ ಮತ ಆ ಬೇಡಿಕೆಗೆ ಹಾಕಿದ ಮತ. 1965ರಲ್ಲೂ ಗಡಿಯ ಜನ ಸಾಲು ನಿಂತು ಅವರನ್ನೇ ಗೆಲ್ಲಿಸಿದರು. ಗೆದ್ದವರು ಹೋಗಿ ಮಾತಾಡಲಿಕ್ಕೆ ಸಭೆ ಇರಲಿಲ್ಲ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು, ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ ಮಹಾಜನ ಆಯೋಗ ವರದಿ ಕೊಟ್ಟದ್ದು 1967ರಲ್ಲಿ. ಅದಕ್ಕೆ ಮೊದಲಿನ ಆ ಎರಡೂವರೆ ವರ್ಷ ತಿರುವನಂತಪುರದಲ್ಲಿ ನಮ್ಮ ಪರವಾಗಿ ಎದ್ದು ನಿಲ್ಲುವ ಜಾಗವೇ ಯಾರಿಗೂ ಇರಲಿಲ್ಲ. ಮಾಷ್ಟ್ರು ಆ ಕಾಲಕ್ಕೆ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗನಾಗಿದ್ದರಂತೆ. ಅವರಿಗೆ ಅದು ನೆನಪು, ನನಗೆ ಎಕ್ಸೆಲ್‌ನ ಒಂದು ಸಾಲು. ಇದು ನನಗೆ ತುಂಬ ನೋವು ಕೊಟ್ಟಿತು.

ಆಮೇಲೆ ಉಳಿದ ಸಾಲುಗಳನ್ನು ಒಂದೊಂದಾಗಿ ಹಿಡಿದೆ. ಉಮೇಶ್ ರಾವ್ ಅವರ ಎದುರಿನ ಖಾಲಿ ಜಾಗಕ್ಕೂ ಕಾರಣ ಇತ್ತು. ಅವರು 1957ರಲ್ಲಿ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದವರು. ಮತದಾನವೇ ನಡೆಯದೆ ಮತಗಳ ಸಂಖ್ಯೆ ಎಲ್ಲಿಂದ ಬರಬೇಕು? ಕೇರಳದ ಮೊಟ್ಟಮೊದಲ ಚುನಾವಣೆಯಲ್ಲಿ ಗಡಿಯ ಈ ಕ್ಷೇತ್ರದಲ್ಲಿ ಎದುರಾಳಿಯೇ ಇರಲಿಲ್ಲ ಎಂಬುದು ಆ ಪುಟಕ್ಕೇ ತಲೆಬರಹ ಆಗಬಹುದಾದ ವಿಷಯ. ರಾಮಪ್ಪನವರ ಏಳು ವರ್ಷವೂ ಸರಿಯೇ. 1970ರ ಸಭೆಯ ಅವಧಿಯನ್ನು ತುರ್ತುಪರಿಸ್ಥಿತಿಯ ಕಾಲದಲ್ಲಿ ಮುಂದೂಡುತ್ತಾ ಹೋಗಿ ಅದು 1977ರವರೆಗೆ ಎಳೆದಿತ್ತು. ಸರಿ ಇದ್ದದ್ದನ್ನೇ ನಾನು ತಿದ್ದಿ ಕೆಡಿಸಿದ್ದೆ.

ಕೊನೆಯ ಸಾಲಿನ ತಪ್ಪು ಎಲ್ಲಕ್ಕಿಂತ ಹತ್ತಿರದ್ದು. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ 2016ರಲ್ಲಿ ಗೆದ್ದದ್ದು ಬರೀ 89 ಮತಗಳಿಂದ. ಅವರಿಗೆ 56,870, ಬಿಜೆಪಿಯ ಕೆ. ಸುರೇಂದ್ರನ್‌ಗೆ 56,781. ನಕಲಿ ಮತ ಬಿದ್ದಿದೆ ಎಂದು ಸುರೇಂದ್ರನ್ ಹೈಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ, 2018ರ ಅಕ್ಟೋಬರ್ 20ರಂದು, ರಜಾಕ್ ತೀರಿಕೊಂಡರು. ಕೇಸು ಬಾಕಿ ಇದ್ದ ಕಾರಣ ಉಪಚುನಾವಣೆಯೂ ತಡವಾಯಿತು. 2019ರ ಲೋಕಸಭಾ ಚುನಾವಣೆಯ ಜೊತೆಗೂ ಅದು ನಡೆಯಲಿಲ್ಲ. ಅರ್ಜಿ ಹಿಂದಕ್ಕೆ ತೆಗೆದುಕೊಂಡ ಮೇಲೆ ಅಕ್ಟೋಬರ್ 21ಕ್ಕೆ ಮತದಾನ ಆಯಿತು. ಒಂದು ವರ್ಷ ಮಂಜೇಶ್ವರಕ್ಕೆ ಶಾಸಕರೇ ಇರಲಿಲ್ಲ. ನನ್ನ ಸೂತ್ರ ಅದನ್ನೂ ನುಂಗಿ '2016–19' ಎಂದು ಹಾಕಿತ್ತು. ತೀರಿಕೊಂಡವರನ್ನು ಒಂದು ವರ್ಷ ಹೆಚ್ಚಿಗೆ ಶಾಸಕರಾಗಿ ಉಳಿಸಿದ ಪಟ್ಟಿ ಅವರ ಮನೆಯವರ ಕೈಗೂ ಹೋಗಿರುತ್ತದೆ.

ತಿದ್ದುಪಡಿ ಹಾಕಿದೆವು. ಮೂಲೆಯಲ್ಲಿ ಎರಡು ಸಾಲು ಅಲ್ಲ, ಪೂರ್ತಿ ಪಟ್ಟಿಯನ್ನೇ ಮತ್ತೊಮ್ಮೆ.

ಈಗ ನನ್ನ ಪಟ್ಟಿಯಲ್ಲಿ 'ಅವಧಿ' ಎಂಬ ಕಾಲಂ ಇಲ್ಲ. ಅದರ ಜಾಗದಲ್ಲಿ ಮೂರು ಇವೆ: ಗೆದ್ದದ್ದು, ಪ್ರಮಾಣವಚನ, ಮುಗಿದ ಬಗೆ. ವಿಸರ್ಜನೆಯಾ, ಅವಧಿ ಮುಗಿದದ್ದಾ, ನಿಧನವಾ, ಅದನ್ನೇ ಬರೆಯುವುದು. 1965ರ ಭಂಡಾರಿಯವರ ಸಾಲಿನಲ್ಲಿ ಗೆದ್ದದ್ದು ಇದೆ, ಮುಂದಕ್ಕೆ 'ಸಭೆ ಸೇರಲಿಲ್ಲ' ಎಂದಿದೆ. ಡೆಸ್ಕಿಗೆ ಹೊಸಬರು ಬಂದರೆ ಮೊದಲು ಆ ಸಾಲನ್ನೇ ತೋರಿಸುತ್ತೇನೆ. ಖಾಲಿ ಕಂಡರೆ ತುಂಬಬೇಡಿ, ಯಾಕೆ ಖಾಲಿ ಅಂತ ಮೊದಲು ಕೇಳಿ ಎನ್ನುತ್ತೇನೆ.

ಹೆಸರಿನ ವಿಷಯವೂ ಹಾಗೆಯೇ. ಚುನಾವಣಾ ಆಯೋಗದ ಇಂಗ್ಲಿಷ್ ದಾಖಲೆ ನೋಡಿ ಬರೆದರೆ 2006ರಲ್ಲಿ ಗೆದ್ದ ಸಿ.ಎಚ್. ಕುಞಂಬು 'ಕುನ್ಹಂಬು' ಆಗಿಬಿಡುತ್ತಾರೆ. ಬೇರೆ ಊರಿನ ಪತ್ರಿಕೆಗಳಿಗೆ ಞ ಅಕ್ಷರ ಹೆಚ್ಚಿಗೆ ಬೇಡ, ನಮಗೆ ದಿನಾ ಬೇಕು. 1987ರಿಂದ ನಾಲ್ಕು ಸಲ ಸತತವಾಗಿ ಗೆದ್ದು ಮಂತ್ರಿಯೂ ಆದವರು ಚೆರ್ಕಳಂ ಅಬ್ದುಲ್ಲ. ಊರು ಚೆರ್ಕಳ, ಅವರ ಹೆಸರು ಚೆರ್ಕಳಂ. ಊರಿನ ಹಾಗೆ ಹೆಸರನ್ನು ತಿದ್ದಬಾರದು.

2021ರಲ್ಲಿ ಎ.ಕೆ.ಎಂ. ಅಶ್ರಫ್ 745 ಮತಗಳಿಂದ ಗೆದ್ದು ಕನ್ನಡದಲ್ಲಿ ಪ್ರಮಾಣವಚನ ತೆಗೆದುಕೊಂಡರು. ಪ್ರಮಾಣವಚನದ ಕಾಲಂನಲ್ಲಿ ತಾರೀಕಿನ ಪಕ್ಕ 'ಕನ್ನಡದಲ್ಲಿ' ಎಂದು ಸೇರಿಸಿದೆ. ಪುಟ ಬಂದ ದಿನ ಮಾಷ್ಟ್ರ ಫೋನ್ ಬಂತು.

"ಚೆಂದ ಆಗಿದೆ ಮಗಳೇ. ಹಿಂದಿನವರೆಲ್ಲ ಯಾವ ಭಾಷೆಯಲ್ಲಿ ತೆಗೊಂಡರು?"

ಹಳೆಯ ನಡಾವಳಿ ಹುಡುಕಿಸುತ್ತಿದ್ದೇನೆ. ಸಿಗುವವರೆಗೆ ಆ ಜಾಗ ಖಾಲಿ ಇರಲಿ ಎಂದು ಮಾಷ್ಟ್ರಿಗೂ ಹೇಳಿದ್ದೇನೆ.