ರ‍್ಯಾಂಕ್ ಬಿದ್ದರೆ ಮೊದಲು ಕ್ಯಾಲೆಂಡರ್ ನೋಡಿ

ಬಳ್ಳಾರಿಯಲ್ಲಿ ಮಕ್ಕಳಿಗೆ ಟೆನಿಸ್ ಕಲಿಸುವುದು ನನ್ನ ಕೆಲಸ. ಇಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ತಮಾಷೆ ಮಾಡುತ್ತಾರಲ್ಲ, ಹಾಗಾಗಿ ನಮ್ಮ ಅಭ್ಯಾಸ ಬೆಳಗಿನ ಜಾವಕ್ಕೇ ಶುರು. ಆದರೆ ಬಿಸಿಲಿಗಿಂತ ಜಾಸ್ತಿ ಸುಸ್ತು ಮಾಡುವುದು ರ‍್ಯಾಂಕಿಂಗ್ ಪಟ್ಟಿ ಬಂದ ದಿನ ಬರುವ ಫೋನ್‌ಗಳು.

"ಸರ್, ನಮ್ ಹುಡುಗಿ ರ‍್ಯಾಂಕ್ ಬಿದ್ದೈತಲ್ರಿ. ಆಟ ಏನಾರ ಕೆಟ್ಟೈತೇನ್ರಿ?"

ಕೇಳಿದವರು ಜೀನ್ಸ್ ಹೊಲಿಸುವ ಸಣ್ಣ ಘಟಕ ಇಟ್ಟುಕೊಂಡಿರುವ ಒಬ್ಬ ತಂದೆ. ಆಟ ಕೆಟ್ಟಿರಲಿಲ್ಲ. ಹೇಳಬೇಕೆಂದರೆ ಹುಡುಗಿಯ ಬ್ಯಾಕ್‌ಹ್ಯಾಂಡ್ ಆಗಷ್ಟೇ ಕೈಗೆ ಕೂತಿತ್ತು. ಹೋದ ವರ್ಷ ಅದೇ ಹೊತ್ತಿಗೆ ಧಾರವಾಡದಲ್ಲಿ ಸೆಮಿಫೈನಲ್ ಆಡಿದ್ದಳು. ಆ ಅಂಕಗಳಿಗೆ ವರ್ಷ ತುಂಬಿತ್ತು, ಲೆಕ್ಕದಿಂದ ಹೋಗಿದ್ದವು. ಅಷ್ಟೇ. ಇದನ್ನು ಬಿಡಿಸಿ ಹೇಳಿದಾಗ ಅವರೇ ಅಂದರು: "ಹಂಗಂದ್ರ ಹೋದ ದೀಪಾವಳಿ ಆರ್ಡರ್ ತೋರಿಸಿ ಈ ದೀಪಾವಳಿ ಮಾಡಾಕ ಆಗಲ್ಲ ಅನ್ರಿ." ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ದೊಡ್ಡವರ ಟೆನಿಸ್‌ನಲ್ಲೂ ಇದೇ ಲೆಕ್ಕ. ಪುರುಷರ ವೃತ್ತಿಪರ ಟೆನಿಸ್ ನಡೆಸುವ ಸಂಘ ಎಟಿಪಿ. ಅದರ ಪಟ್ಟಿಯಲ್ಲಿರುವುದು ಹಿಂದಿನ 52 ವಾರಗಳ ಅಂಕ ಮಾತ್ರ. ವಿಂಬಲ್ಡನ್‌ನಂಥ ಗ್ರ್ಯಾಂಡ್‌ಸ್ಲಾಮ್ ಗೆದ್ದವನಿಗೆ 2000 ಅಂಕ. ಮುಂದಿನ ವರ್ಷ ಅದೇ ಟೂರ್ನಿಯಲ್ಲಿ ಫೈನಲ್‌ವರೆಗೆ ಬಂದು ಸೋತರೆ 1300. ಅಂದರೆ ಜಗತ್ತಿನ ಎರಡನೇ ಒಳ್ಳೆಯ ಫಲಿತಾಂಶ ತಂದವನ ಖಾತೆಯಲ್ಲೂ 700 ಅಂಕ ಕಡಿಮೆ. ಇದಕ್ಕೆ ಆಟಗಾರರು 'ಪಾಯಿಂಟ್ಸ್ ಡಿಫೆಂಡ್ ಮಾಡೋದು' ಅನ್ನುತ್ತಾರೆ. ಹೋದ ವರ್ಷ ಚೆನ್ನಾಗಿ ಆಡಿದ್ದೇ ಈ ವರ್ಷದ ಹೊರೆ.

2023ರಲ್ಲಿ ಕಲಬುರಗಿಯಲ್ಲಿ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಪುರುಷರ ಟೂರ್ನಿ ನಡೆದಾಗ ಕೆಲವು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಒಟ್ಟು ಬಹುಮಾನ 25 ಸಾವಿರ ಡಾಲರ್, ಚಾಂಪಿಯನ್‌ಗೆ 25 ಅಂಕ. ಟೆನಿಸ್ ಏಣಿಯ ಕೆಳಗಿನ ಮೆಟ್ಟಿಲು ಇದು. ಬೂಟು ಕಿರ್ ಅನ್ನುವುದೂ ಕೇಳುವಷ್ಟು ಹತ್ತಿರ ಕೂತಿದ್ದೆವು. ಅಲ್ಲಿ ಆಡುತ್ತಿದ್ದವರು ಭಾರತದ ರಾಮ್‌ಕುಮಾರ್ ರಾಮನಾಥನ್. 2018ರ ಜುಲೈನಲ್ಲಿ ಇದೇ ರಾಮ್‌ಕುಮಾರ್ ಅಮೆರಿಕದ ನ್ಯೂಪೋರ್ಟ್‌ನಲ್ಲಿ ಎಟಿಪಿ ಫೈನಲ್ ಆಡಿದ್ದರು. ಸ್ಟೀವ್ ಜಾನ್ಸನ್‌ಗೆ ಮೂರು ಸೆಟ್‌ಗಳಲ್ಲಿ ಸೋತರೂ 150 ಅಂಕ ಬಂದವು, ತಿಂಗಳ ಕೊನೆಗೆ ರ‍್ಯಾಂಕ್ 111ಕ್ಕೆ ಏರಿತು. ಮರುವರ್ಷ ಆ 150 ಹೋದವು. ಐದು ವರ್ಷ ಬಿಟ್ಟು ಕಲಬುರಗಿಯಲ್ಲಿ 25 ಅಂಕಕ್ಕಾಗಿ ಆಡಿ ಸಿಂಗಲ್ಸ್ ಗೆದ್ದರು. "ಇಷ್ಟು ಜೋರಾಗಿ ಸರ್ವ್ ಮಾಡೋರು ಇಲ್ಯಾಕೆ ಬಂದಾರ ಸರ್?" ಅಂತ ಒಬ್ಬ ಹುಡುಗ ಕೇಳಿದ. ಒಳ್ಳೆ ಪ್ರಶ್ನೆ.

ಉತ್ತರ ಇರುವುದು ಪ್ರವೇಶ ಪಟ್ಟಿಯಲ್ಲಿ. ರ‍್ಯಾಂಕ್ ಅಂದರೆ ಬರೀ ಮರ್ಯಾದೆ ಅಲ್ಲ, ಬಾಗಿಲು. ಮೊದಲ 100ರ ಆಸುಪಾಸು ಇದ್ದರೆ ಗ್ರ್ಯಾಂಡ್‌ಸ್ಲಾಮ್ ಮುಖ್ಯ ಸುತ್ತಿಗೆ ನೇರ ಪ್ರವೇಶ, ಮೊದಲ ಸುತ್ತಲ್ಲೇ ಸೋತರೂ ವರ್ಷದ ಖರ್ಚಿಗೆ ದೊಡ್ಡ ಆಸರೆ. ಅದರ ಕೆಳಗೆ ಕ್ವಾಲಿಫೈಯಿಂಗ್, ಅಂದರೆ ಮುಖ್ಯ ಸುತ್ತಿಗೆ ಬರಲು ಮೊದಲು ಗೆಲ್ಲಬೇಕಾದ ಪಂದ್ಯಗಳು. ಇನ್ನೂ ಕೆಳಗೆ ಚಾಲೆಂಜರ್ ಅನ್ನುವ ಎರಡನೇ ಹಂತದ ಟೂರ್ನಿಗಳು, ಅದರ ಕೆಳಗೆ ಐಟಿಎಫ್. ಕೆಳಗೆ ಹೋದಷ್ಟೂ ಅಂಕ ಕಡಿಮೆ, ಹಣ ಕಡಿಮೆ. ವಿಮಾನದ ಟಿಕೆಟ್ ದರ ಮಾತ್ರ ಎಲ್ಲರಿಗೂ ಒಂದೇ.

ಸುಮಿತ್ ನಗಾಲ್ ಅವರನ್ನೇ ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಖಾತೆಯಲ್ಲಿ ಇರುವುದು 900 ಯೂರೊ ಅಂತ ಅವರೇ ಹೇಳಿಕೊಂಡರು. ಆಗ ಸಿಂಗಲ್ಸ್‌ನಲ್ಲಿ ಭಾರತದ ನಂಬರ್ 1 ಅವರೇ! 2024ರ ಜನವರಿಯಲ್ಲಿ ಕ್ವಾಲಿಫೈಯಿಂಗ್ ದಾಟಿ ಬಂದು ಆಸ್ಟ್ರೇಲಿಯನ್ ಓಪನ್‌ನಲ್ಲಿ 31ನೇ ಶ್ರೇಯಾಂಕದ (ಟೂರ್ನಿಯ ಮುಂಚೂಣಿ ಆಟಗಾರರಿಗೆ ಕೊಡುವ ಸೀಡ್) ಕಜಕಸ್ತಾನದ ಬುಬ್ಲಿಕ್‌ರನ್ನು ಸೋಲಿಸಿದರು. 1989ರಲ್ಲಿ ರಮೇಶ್ ಕೃಷ್ಣನ್ ಬಳಿಕ ಸಿಂಗಲ್ಸ್‌ನಲ್ಲಿ ಭಾರತದ ಪುರುಷ ಆಟಗಾರನೊಬ್ಬ ಗ್ರ್ಯಾಂಡ್‌ಸ್ಲಾಮ್‌ನಲ್ಲಿ ಶ್ರೇಯಾಂಕಿತನನ್ನು ಸೋಲಿಸಿದ್ದು ಅದೇ ಮೊದಲು. ಫೆಬ್ರುವರಿಯಲ್ಲಿ ಚೆನ್ನೈ ಚಾಲೆಂಜರ್ ಗೆದ್ದರು, ಜುಲೈಗೆ 68ನೇ ರ‍್ಯಾಂಕ್. 2025 ಬಂತು, ಹಿಂದಿನ ವರ್ಷದ ಜನವರಿ, ಫೆಬ್ರುವರಿಯ ಅಂಕಗಳು ಒಂದರ ಹಿಂದೊಂದು ಕಳಚಿದವು, 100ರಿಂದ ಹೊರಗೆ ಬಿದ್ದರು. ಟಿವಿ ಮುಂದೆ ಕೂತವರಿಗೆ 'ಯಾಕೋ ಡಲ್ ಆದ' ಅನ್ನಿಸಬಹುದು. ಸೋಲುಗಳೂ ಇದ್ದವು ಬಿಡಿ. ಆದರೆ ಆ ಎರಡು ತಿಂಗಳು ಅವರಿಗೆ ಕಷ್ಟದ್ದು ಅಂತ ಒಂದು ವರ್ಷ ಮೊದಲೇ ಹೇಳಬಹುದಿತ್ತು.

ಹಾಗಾಗಿ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಎಡಗಡೆ ಟೂರ್ನಿ, ಗಳಿಸಿದ ಅಂಕ. ಬಲಗಡೆ ಆ ಅಂಕ ಯಾವ ವಾರ ಹೋಗುತ್ತದೆ ಅನ್ನುವುದು, ಕೆಂಪು ಪೆನ್ನಿನಲ್ಲಿ. ಟೂರ್ನಿ ಗೆದ್ದು ಬಂದ ದಿನವೇ ಮಗು ಮತ್ತು ಮನೆಯವರ ಮುಂದೆ ಎರಡನ್ನೂ ಬರೆಯುತ್ತೇನೆ. ಪೇಡೆ ತಿನ್ನುವ ಹೊತ್ತಲ್ಲಿ ಇದ್ಯಾಕೆ ಸರ್ ಅನ್ನುತ್ತಾರೆ. ಸಿಹಿ ಬಾಯಲ್ಲಿದ್ದಾಗ ಹೇಳಿದರೆ ತಲೆಗೆ ಹೋಗುತ್ತದೆ, ಬಿದ್ದ ಮೇಲೆ ಹೇಳಿದರೆ ನೆಪದಂತೆ ಕೇಳುತ್ತದೆ.

ನಮ್ಮ ಕೆಲಸದಲ್ಲಿ ಬಹಳ ಜನ ಇಂಥ ಹೊತ್ತಲ್ಲಿ ಸ್ಫೂರ್ತಿ ಭಾಷಣಕ್ಕೆ ಇಳಿಯುತ್ತಾರೆ. 1997ರಲ್ಲಿ 141ನೇ ಸ್ಥಾನಕ್ಕೆ ಬಿದ್ದ ಅಮೆರಿಕದ ಆಂದ್ರೆ ಅಗಾಸಿ 1999ರಲ್ಲಿ ಫ್ರೆಂಚ್ ಓಪನ್ ಗೆದ್ದರು, ನಮ್ಮ ಕೊಡಗಿನ ಬೋಪಣ್ಣ 43ನೇ ವಯಸ್ಸಿನಲ್ಲಿ ಡಬಲ್ಸ್ ನಂಬರ್ 1 ಆದರು, ನೀನೂ ಆಗು ಮಗಾ ಅಂತ. ನಿಜವೇ, ಆದರೆ ಹನ್ನೆರಡರ ಮಗುವಿಗೆ ಅದರಿಂದ ನಾಳೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಅಗಾಸಿ ಮಾಡಿದ್ದರಲ್ಲಿ ನನಗೆ ಉಪಯೋಗಕ್ಕೆ ಬರುವುದು ಒಂದೇ: ಒಂದು ಕಾಲದ ನಂಬರ್ 1 ಆಗಿದ್ದೂ ಕೆಳಗಿಳಿದು ಚಾಲೆಂಜರ್ ಟೂರ್ನಿಗಳಲ್ಲಿ ಆಡಿದರು. ಸಣ್ಣ ಟೂರ್ನಿ ನಮಗ್ಯಾಕೆ ಅನ್ನುವ ಅಪ್ಪ ಅಮ್ಮಂದಿರಿಗೆ ಅದನ್ನು ಖಂಡಿತ ಹೇಳುತ್ತೇನೆ.

ನಾನು ಕಟ್ಟುನಿಟ್ಟಾಗಿ ತಡೆಯುವುದು ಇನ್ನೊಂದನ್ನು. ರ‍್ಯಾಂಕ್ ಬಿತ್ತು ಅಂತ ಗಾಬರಿಯಾಗಿ ಸಾಲು ಸಾಲು ಟೂರ್ನಿಗೆ ಹೆಸರು ಕೊಡುವುದು. ರೈಲು, ಲಾಡ್ಜ್, ಎಂಟ್ರಿ ಫೀಸು, ಹರಿದ ಸ್ಟ್ರಿಂಗು, ಕೊನೆಗೆ ಭುಜನೋವು. ಎಟಿಪಿಯಲ್ಲಾದರೆ ಗಾಯದಿಂದ ಆರು ತಿಂಗಳು ಆಡದವರಿಗೆ ಹಳೆಯ ರ‍್ಯಾಂಕ್ ತೋರಿಸಿ ಕೆಲವು ಟೂರ್ನಿಗೆ ಸೇರುವ ಅವಕಾಶ ಇದೆ. ಭುಜ ಹಾಳು ಮಾಡಿಕೊಂಡ ಮಗುವಿಗೆ ಶಾಲೆಯ ಪರೀಕ್ಷೆಯೂ ಕಾಯುವುದಿಲ್ಲ.

ಜೀನ್ಸ್ ಘಟಕದವರ ಮಗಳಿಗೆ ಈಗ ಟೂರ್ನಿ ಇಲ್ಲ. ಎರಡನೇ ಸರ್ವ್ ಮೇಲೆ ಕೆಲಸ ನಡೆದಿದೆ, ಡಬಲ್ ಫಾಲ್ಟ್ ಇನ್ನೂ ಜಾಸ್ತಿಯೇ. ಅದು ಸರಿಹೋಗುವ ತನಕ ಧಾರವಾಡಕ್ಕೂ ಹೆಸರು ಕೊಡುವುದು ಬೇಡ ಅಂದಿದ್ದೇನೆ. ಅಪ್ಪ ಒಪ್ಪಿದ್ದಾರೆ. ಅಮ್ಮ ಇನ್ನೂ ಒಪ್ಪಿಲ್ಲ.